ಗ್ಲುಟಮೇಟ್ ಪ್ರತಿ ಸಲವೂ ಅದೇ. ಹಾಗಿದ್ದರೆ ನರಸಂಧಿಯಲ್ಲಿ ಗಟ್ಟಿಯಾಗುವುದು ಯಾವುದು?

ಪ್ರಶ್ನೆ: ನಾನು ಮುಧೋಳದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಒಂದು ನರಕೋಶದ ತುದಿಯಿಂದ ರಾಸಾಯನಿಕ ಹೊರಬಿದ್ದು ಮುಂದಿನ ಕೋಶಕ್ಕೆ ಸಂದೇಶ ಮುಟ್ಟಿಸುತ್ತದೆ ಎಂಬಲ್ಲಿಗೆ ಪುಸ್ತಕ ನಿಲ್ಲುತ್ತದೆ. ಕಲಿತಂತೆಲ್ಲ ಆ ಕೊಂಡಿ ಗಟ್ಟಿಯಾಗುತ್ತದೆ, ಹೊಲದಲ್ಲಿ ಜನ ಓಡಾಡಿ ಓಡಾಡಿ ಕಾಲ್ದಾರಿ ಬೀಳುವ ಹಾಗೆ ಎಂದು ನಾನು ಸೇರಿಸುತ್ತೇನೆ. ಈಚೆಗೆ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಆ ರಾಸಾಯನಿಕ ಬರತೈತಿ, ಖಾಲಿ ಆಗತೈತಿ. ಹಂಗಾದ್ರ ಗಟ್ಟಿ ಆಗೂದು ಏನು?" ಎಂದಳು. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಅಜಿನೊಮೊಟೊದಾಗ ಗ್ಲುಟಮೇಟ್ ಐತಂತ. ಗೋಬಿ ಮಂಚೂರಿ ತಿಂದ್ರ ನೆನಪಿನ ಶಕ್ತಿ ಹೆಚ್ಚಾಗತೈತೇನ್ರಿ?" ಎಂದ. ಇಬ್ಬರಿಗೂ ಏನು ಹೇಳಲಿ? ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಪುಟವನ್ನು ಇಪ್ಪತ್ತು ಸಲ ಉರು ಹೊಡೆಯುವವರಿಗೂ ಇದರಲ್ಲಿ ಏನಾದರೂ ಪಾಠ ಇದೆಯೇ?

ಉತ್ತರ: ಹುಡುಗಿಯ ಪ್ರಶ್ನೆಗೆ ಮೊದಲು. ಅವಳು ಕೇಳಿದ್ದನ್ನೇ ನರವಿಜ್ಞಾನಿಗಳು 1980 ಮತ್ತು 90ರ ದಶಕದುದ್ದಕ್ಕೂ ಕೇಳಿಕೊಂಡು ಜಗಳವಾಡಿದ್ದಾರೆ. ಚಿಕ್ಕದಾಗಿ ಹೇಳುವುದಾದರೆ, ಹೆಚ್ಚಿನ ಕಡೆ ಬದಲಾಗುವುದು ಸಂದೇಶ ಪಡೆಯುವ ಕೋಶ. ಬರುವ ಗ್ಲುಟಮೇಟ್, ಅಂದರೆ ಅವಳು ಹೇಳಿದ ಆ ರಾಸಾಯನಿಕ, ಅಷ್ಟೇ ಇದ್ದರೂ ಅದನ್ನು ಹಿಡಿಯುವ ಗ್ರಾಹಿಗಳು, ಅಂದರೆ ರಿಸೆಪ್ಟರುಗಳು, ಅಲ್ಲಿ ಹೆಚ್ಚಾಗುತ್ತವೆ. ಹಾಗಾಗಿ ಅದೇ ಸಂದೇಶಕ್ಕೆ ಉತ್ತರ ಜೋರಾಗುತ್ತದೆ. ಯಾವಾಗ ಹೆಚ್ಚಾಗಬೇಕು, ಯಾವಾಗ ಬೇಡ ಎಂಬುದು ಹೇಗೆ ತೀರ್ಮಾನವಾಗುತ್ತದೆ ಎನ್ನುವುದೇ ಇಲ್ಲಿ ಸ್ವಾರಸ್ಯ. ನಿಮ್ಮ ಕಾಲ್ದಾರಿ ಎಡವುವುದೂ ಅಲ್ಲೇ.

ಕಾಲ್ದಾರಿಯ ಉಪಮೆಯನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಓಡಾಡಿದಷ್ಟೂ ದಾರಿ ಸ್ಪಷ್ಟವಾಗುತ್ತದೆ ಎಂದು ಅದು ಹೇಳುತ್ತದೆ. ಮೆದುಳಿನ ವಿಷಯದಲ್ಲಿ ಅದು ನಿಜವಲ್ಲ. ಅಮೆರಿಕದ ಸೆರೆನಾ ಡ್ಯೂಡೆಕ್ ಮತ್ತು ಮಾರ್ಕ್ ಬೇರ್ 1992ರಲ್ಲಿ ಇಲಿಯ ಹಿಪ್ಪೋಕ್ಯಾಂಪಸ್ಸಿನ ತೆಳು ಹೋಳುಗಳ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ನೆನಪಿಗೆ ಅತ್ಯಗತ್ಯವಾದ ಭಾಗ ಅದು, ಕಿವಿಯ ಒಳಬದಿಗೆ ಆಳದಲ್ಲಿರುತ್ತದೆ. ಒಂದು ಗುಂಪು ನರತಂತುಗಳಿಗೆ 900 ವಿದ್ಯುತ್ ತಟ್ಟುಗಳನ್ನು ಕೊಟ್ಟರು. ಸೆಕೆಂಡಿಗೆ 50ರಂತೆ ಕೊಟ್ಟಾಗ ಸಂಧಿ, ಅಂದರೆ ಎರಡು ನರಕೋಶಗಳು ಸಂಧಿಸುವ ಜಾಗ, ಬಲಗೊಂಡಿತು. ಸೆಕೆಂಡಿಗೆ 10ರಂತೆ ಕೊಟ್ಟಾಗ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಸೆಕೆಂಡಿಗೆ ಒಂದರಂತೆ, ಅಂದರೆ ಹದಿನೈದು ನಿಮಿಷ ನಿಧಾನಕ್ಕೆ ತಟ್ಟಿದಾಗ ಸಂಧಿ ದುರ್ಬಲವಾಯಿತು! ತಟ್ಟು ಅವೇ 900, ರಾಸಾಯನಿಕವೂ ಅದೇ ಗ್ಲುಟಮೇಟ್. ಓಡಾಡಿದ್ದರಿಂದಲೇ ಅಳಿಸಿಹೋಗುವ ಕಾಲ್ದಾರಿಯನ್ನು ಯಾರಾದರೂ ನೋಡಿದ್ದಾರೆಯೇ?

ಇದು ಹೇಗೆ ಸಾಧ್ಯ ಎಂದು ತಿಳಿಯಲು ಸಂಧಿಯ ಒಳಗೇ ಇಳಿಯಬೇಕು. ಎರಡು ನರಕೋಶಗಳ ನಡುವಿನ ಅಂತರ ಸುಮಾರು 20 ನ್ಯಾನೊಮೀಟರ್, ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಕಳಿಸುವ ಕೋಶದ ತುದಿಯಲ್ಲಿ ಪುಟ್ಟ ಪುಟ್ಟ ಗುಳ್ಳೆಗಳಿವೆ. ಒಂದೊಂದರಲ್ಲೂ ಕೆಲವು ಸಾವಿರ ಗ್ಲುಟಮೇಟ್ ಅಣುಗಳು. ವಿದ್ಯುತ್ ಸಂಕೇತ ತುದಿ ಮುಟ್ಟಿದಾಗ ಗುಳ್ಳೆ ಒಡೆದು ಅವು ಸಂದಿಗೆ ಸುರಿಯುತ್ತವೆ. ಆಚೆ ದಂಡೆಯಲ್ಲಿ ಗ್ಲುಟಮೇಟಿಗಾಗಿ ಮುಖ್ಯವಾಗಿ ಎರಡು ಬಗೆಯ ಗ್ರಾಹಿಗಳು ಅಕ್ಕಪಕ್ಕ ನಿಂತಿರುತ್ತವೆ: ಆಂಪಾ ಮತ್ತು ಎನ್‌ಎಂಡಿಎ.

ಆಂಪಾ ನೇರ ಸ್ವಭಾವದ್ದು. ಗ್ಲುಟಮೇಟ್ ಅಂಟಿದ ತಕ್ಷಣ ಬಾಯಿ ತೆರೆದು ಸೋಡಿಯಂ ಅಯಾನುಗಳನ್ನು ಒಳಬಿಡುತ್ತದೆ; ಕೆಲವೇ ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಯಿತು. ದಿನನಿತ್ಯದ ಸಂದೇಶಗಳು ದಾಟುವುದು ಹೆಚ್ಚಾಗಿ ಇದರ ಮೂಲಕವೇ.

ಎನ್‌ಎಂಡಿಎ ಗ್ರಾಹಿಯ ರೀತಿಯೇ ಬೇರೆ. ಗ್ಲುಟಮೇಟ್ ಅಂಟಿದರೂ ಅದರಲ್ಲಿ ಏನೂ ಹರಿಯುವುದಿಲ್ಲ, ಏಕೆಂದರೆ ಅದರ ರಂಧ್ರದಲ್ಲಿ ಒಂದು ಮೆಗ್ನೀಸಿಯಂ ಅಯಾನು ಸಿಕ್ಕಿಕೊಂಡಿರುತ್ತದೆ. ಸುಮ್ಮನಿರುವ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದಷ್ಟೆ. ಆ ಋಣ ಸೆಳೆತಕ್ಕೆ ಸಿಕ್ಕಿ ಧನ ವಿದ್ಯುದಂಶದ ಮೆಗ್ನೀಸಿಯಂ ಅಲ್ಲೇ ಕೂರುತ್ತದೆ. ಅಕ್ಕಪಕ್ಕದ ಹಲವು ಸಂಧಿಗಳಿಂದ ಒಮ್ಮೆಗೇ ಸಂಕೇತಗಳು ಬಂದು, ಅಥವಾ ಒಂದೇ ಕಡೆಯಿಂದ ಬಿಡುವಿಲ್ಲದೆ ಬಂದು, ಕೋಶದ ಒಳಗಿನ ಋಣ ಸಾಕಷ್ಟು ಇಳಿದರೆ ಮಾತ್ರ ಮೆಗ್ನೀಸಿಯಂ ಜಾಗ ಬಿಡುತ್ತದೆ. ಆಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಮೆಗ್ನೀಸಿಯಂನ ಈ ತಡೆಯನ್ನು 1984ರಲ್ಲಿ ಪ್ಯಾರಿಸ್ಸಿನ ಒಂದು ತಂಡ ಮತ್ತು ಅಮೆರಿಕದ ಒಂದು ತಂಡ ಬೇರೆಬೇರೆಯಾಗಿ ಕಂಡುಕೊಂಡವು. ನರವಿಜ್ಞಾನದಲ್ಲಿ ನನಗೆ ಎಂದೂ ಬೇಸರ ತರದ ಸಂಗತಿ ಇದು. ನೀರಿನಲ್ಲಿ, ಸೊಪ್ಪಿನಲ್ಲಿ ಸಿಗುವ ಸಾಧಾರಣ ಖನಿಜವೊಂದು ಇಲ್ಲಿ ಕುಳಿತು ತೀರ್ಪು ಕೊಡುತ್ತಿದೆ.

ಎರಡು ಷರತ್ತುಗಳು ಒಂದೇ ಗಳಿಗೆಯಲ್ಲಿ ಕೂಡಿಬರಬೇಕು ಎಂಬುದನ್ನು ಗಮನಿಸಿ. ಕಳಿಸುವ ಕೋಶ ಗ್ಲುಟಮೇಟ್ ಬಿಟ್ಟಿರಬೇಕು, ಪಡೆಯುವ ಕೋಶ ಆ ಹೊತ್ತಿಗೆ ಚುರುಕಾಗಿರಬೇಕು. ಒಂದು ಕೋಶ ಇನ್ನೊಂದನ್ನು ಕೆರಳಿಸುವುದರಲ್ಲಿ ಮತ್ತೆ ಮತ್ತೆ ಪಾಲುಗೊಂಡರೆ ಅವೆರಡರ ನಡುವಿನ ಕೊಂಡಿ ಬಲಗೊಳ್ಳಬೇಕು ಎಂದು ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ 1949ರಲ್ಲೇ ಊಹಿಸಿದ್ದರು. ಆ ಊಹೆಗೆ ಬೇಕಾದ ಯಂತ್ರ ಎನ್‌ಎಂಡಿಎ ಗ್ರಾಹಿಯ ರೂಪದಲ್ಲಿ 35 ವರ್ಷಗಳ ನಂತರ ಸಿಕ್ಕಿತು. ಸಮಯದ ಲೆಕ್ಕ ಎಷ್ಟು ಬಿಗಿ ಎಂದರೆ, 1998ರಲ್ಲಿ ಬಿ ಮತ್ತು ಪೂ ಎಂಬಿಬ್ಬರು ಸಾಕಿ ಬೆಳೆಸಿದ ನರಕೋಶಗಳಲ್ಲಿ ಅಳೆದು ನೋಡಿದಾಗ, ಕಳಿಸುವ ಕೋಶ ಸುಮಾರು 20 ಮಿಲಿಸೆಕೆಂಡು ಮೊದಲು ಮಿಡಿದರೆ ಸಂಧಿ ಬಲವಾಗುತ್ತಿತ್ತು, ಅಷ್ಟೇ ಹೊತ್ತು ತಡವಾಗಿ ಮಿಡಿದರೆ ದುರ್ಬಲವಾಗುತ್ತಿತ್ತು.

ಈಗ ಡ್ಯೂಡೆಕ್ ಮತ್ತು ಬೇರ್ ಅವರ ಒಗಟು ಬಿಡಿಸಿಕೊಳ್ಳುತ್ತದೆ. ವೇಗವಾಗಿ ತಟ್ಟಿದರೆ ಕ್ಯಾಲ್ಸಿಯಂ ಭರದಿಂದ ನುಗ್ಗುತ್ತದೆ. ಅದು ಕೈನೇಸ್ ಎಂಬ ಕಿಣ್ವಗಳನ್ನು ಎಬ್ಬಿಸುತ್ತದೆ, ಸಂಧಿ ಬಲವಾಗುತ್ತದೆ. ನಿಧಾನವಾಗಿ ತಟ್ಟಿದರೆ ಅದೇ ಎನ್‌ಎಂಡಿಎ ಮೂಲಕ ಕ್ಯಾಲ್ಸಿಯಂ ಸ್ವಲ್ಪ ಸ್ವಲ್ಪವೇ ಜಿನುಗುತ್ತದೆ. ಅದು ಫಾಸ್ಫಟೇಸ್ ಎಂಬ ಎದುರಾಳಿ ಕಿಣ್ವಗಳನ್ನು ಎಬ್ಬಿಸುತ್ತದೆ, ಗ್ರಾಹಿಗಳು ಒಳಗೆ ಸರಿಯುತ್ತವೆ. ಬಾಗಿಲು ಒಂದೇ, ಅಯಾನೂ ಒಂದೇ. ಎಷ್ಟು ಭರದಿಂದ ಬಂತು ಎಂಬುದರ ಮೇಲೆ ಫಲ.

ಬಲಗೊಳ್ಳುವ ಕಡೆ ಏನಾಗುತ್ತದೆ ನೋಡೋಣ. ಆ ಕೈನೇಸುಗಳಲ್ಲಿ ಒಂದಾದ ಕ್ಯಾಮ್‌ಕೆ-2 ಎಂಬ ಕಿಣ್ವವನ್ನು ನಿಮ್ಮ ವಿದ್ಯಾರ್ಥಿಗಳಿಗೆ ಪರಿಚಯಿಸಲೇಬೇಕು. ಹನ್ನೆರಡು ತುಂಡುಗಳು ಉಂಗುರದಂತೆ ಕೂಡಿ ಆದದ್ದು ಅದು. ಕ್ಯಾಲ್ಸಿಯಂ ಬಂದಾಗ ತುಂಡುಗಳು ಎಚ್ಚರಗೊಂಡು ಪಕ್ಕದ ತುಂಡಿಗೆ ಒಂದು ಫಾಸ್ಫೇಟ್ ಅಂಟಿಸುತ್ತವೆ. ಹಾಗೆ ಅಂಟಿಸಿಕೊಂಡದ್ದು ಕ್ಯಾಲ್ಸಿಯಂ ಇಳಿದ ಮೇಲೂ ಸ್ವಲ್ಪ ಹೊತ್ತು ಕೆಲಸ ಮುಂದುವರಿಸುತ್ತದೆ. ಸಂಕೇತ ಬಂದು ಹೋಗಿದ್ದರೂ ಬಂದಿತ್ತೆಂಬ ಗುರುತು ಉಳಿಯಿತು ಎಂದಾಯಿತು. ಈ ಫಾಸ್ಫೇಟ್ ಅಂಟುವ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸಿದ ಇಲಿಮರಿಗಳು ಬೆಳೆದ ಮೇಲೆ ಹಿಪ್ಪೋಕ್ಯಾಂಪಸ್ ಬೇಕಾದ ಪಾಠಗಳಲ್ಲಿ ಸೋಲುತ್ತವೆ. ಎಚ್ಚೆತ್ತ ಕ್ಯಾಮ್‌ಕೆ-2 ಆಂಪಾ ಗ್ರಾಹಿಗಳಿಗೂ ಫಾಸ್ಫೇಟ್ ಅಂಟಿಸಿ ಅವುಗಳಿಂದ ಹೆಚ್ಚು ವಿದ್ಯುತ್ ಹರಿಯುವಂತೆ ಮಾಡುತ್ತದೆ. ಜೊತೆಗೆ ಕೋಶದೊಳಗೆ ದಾಸ್ತಾನಿದ್ದ ಹೊಸ ಆಂಪಾ ಗ್ರಾಹಿಗಳು ಮೇಲ್ಮೈಗೆ ಬಂದು ಸಂಧಿಯಲ್ಲಿ ನೆಲೆಗೊಳ್ಳುತ್ತವೆ.

ಗಟ್ಟಿಯಾಗುವುದು ಏನು ಎಂಬ ಪ್ರಶ್ನೆಗೆ ಕಣ್ಣಿಗೆ ಕಾಣುವ ಉತ್ತರ ಇದೇ. ಒಂದು ಸಂಧಿಯಲ್ಲಿರುವ ಆಂಪಾ ಗ್ರಾಹಿಗಳು ಹತ್ತಾರು. ದೊಡ್ಡ ಸಂಧಿಯಾದರೆ ನೂರಕ್ಕೂ ಮೇಲೆ. ಅವು ಹೆಚ್ಚಾದರೆ ಅದೇ ಗುಳ್ಳೆಯ ಅದೇ ಗ್ಲುಟಮೇಟಿಗೆ ಮೊದಲಿಗಿಂತ ದೊಡ್ಡ ಪ್ರತಿಕ್ರಿಯೆ. ಆಂಪಾ ಒಂದೂ ಇಲ್ಲದೆ ಎನ್‌ಎಂಡಿಎ ಮಾತ್ರ ಇರುವ ಮೂಕ ಸಂಧಿಗಳೂ ಉಂಟು ಎಂದು 1995ರಲ್ಲಿ ಎರಡು ತಂಡಗಳು ತೋರಿಸಿದವು. ಕಲಿಕೆಯಂಥ ಪ್ರಚೋದನೆ ಸಿಕ್ಕಾಗ ಅಲ್ಲಿಗೆ ಆಂಪಾ ಬಂದು ಮೂಕ ಸಂಧಿ ಮಾತಾಡತೊಡಗುತ್ತದೆ. ಇನ್ನು 2004ರಲ್ಲಿ ಜಪಾನಿನ ಮತ್ಸುಝಾಕಿ ಮತ್ತು ಸಂಗಡಿಗರು ಲೇಸರ್ ಬೆಳಕಿನಿಂದ ಒಂದೇ ಒಂದು ಸಂಧಿಯ ಮೇಲೆ ಗ್ಲುಟಮೇಟ್ ಬಿಡುಗಡೆ ಮಾಡಿ ನೋಡಿದರು. ನರಕೋಶದ ಕೊಂಬೆಯ ಮೇಲಿನ ಆ ಪುಟ್ಟ ಮೊಗ್ಗು ನಿಮಿಷಗಳಲ್ಲೇ ಉಬ್ಬಿತು. ಪಕ್ಕದ ಮೊಗ್ಗುಗಳು ಇದ್ದ ಹಾಗೇ ಇದ್ದವು.

ಕಳಿಸುವವನೂ ಬದಲಾಗುವುದಿಲ್ಲವೇ ಎಂದರೆ, ಕೆಲವು ಕಡೆ ಖಂಡಿತ ಬದಲಾಗುತ್ತಾನೆ. ಹಿಪ್ಪೋಕ್ಯಾಂಪಸ್ಸಿನದೇ ಇನ್ನೊಂದು ದಾರಿಯಲ್ಲಿ, ಮಾಸಿ ತಂತುಗಳೆಂಬಲ್ಲಿ, ಬಲ ಹೆಚ್ಚುವುದು ಗ್ಲುಟಮೇಟ್ ಹೆಚ್ಚು ಬಿಡುಗಡೆಯಾಗುವುದರಿಂದ. ಎರಿಕ್ ಕ್ಯಾಂಡೆಲ್ ಕಡಲ ಬಸವನಹುಳು ಅಪ್ಲೀಸಿಯಾದಲ್ಲಿ ಕಂಡದ್ದೂ ಅದನ್ನೇ. ಬಾಲಕ್ಕೆ ಶಾಕ್ ಕೊಟ್ಟಾಗ ಸೆರೊಟೋನಿನ್ ಎಂಬ ಬೇರೆ ರಾಸಾಯನಿಕ ಹೊರಬಂದು, ಸ್ಪರ್ಶದ ನರದ ತುದಿ ಮುಂದಿನ ಸಲ ಹೆಚ್ಚು ರಾಸಾಯನಿಕ ಚೆಲ್ಲುವಂತೆ ಮಾಡುತ್ತಿತ್ತು. ಆದ್ದರಿಂದ ತರಗತಿಯಲ್ಲಿ "ಪಡೆಯುವ ಕಡೆಯೇ ಎಲ್ಲ" ಎಂದು ಹೇಳಿಬಿಡಬೇಡಿ. "ಹೆಚ್ಚಿನ ಕಡೆ" ಎನ್ನಿ, ಸಾಕು.

ಇವೆಲ್ಲ ನಿಮಿಷ, ಗಂಟೆಗಳ ಮಾತು. ನಿಂತು ಉಳಿಯುವ ಬಲದ ಸಂಗತಿ ಬೇರೆ. ಓಸ್ಲೋದಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ ಅರಿವಳಿಕೆ ಕೊಟ್ಟ ಮೊಲಗಳ ಮೆದುಳಿನಲ್ಲಿ ಕೆಲವೇ ಸೆಕೆಂಡುಗಳ ವೇಗದ ತಟ್ಟಿಗೆ ಸಂಧಿಗಳು 30 ನಿಮಿಷದಿಂದ 10 ಗಂಟೆಯವರೆಗೆ ಬಲವಾಗಿ ಉಳಿದದ್ದನ್ನು 1973ರಲ್ಲಿ ಪ್ರಕಟಿಸಿದಾಗಲೇ ಈ ಕ್ಷೇತ್ರಕ್ಕೆ ಅಡಿಗಲ್ಲು ಬಿದ್ದದ್ದು. ದಿನಗಟ್ಟಲೆ ಉಳಿಯಬೇಕಾದರೆ ಇದ್ದ ಗ್ರಾಹಿಗಳನ್ನು ಅತ್ತಿತ್ತ ಸರಿಸಿದರೆ ಸಾಲದು, ಹೊಸ ಪ್ರೋಟೀನು ತಯಾರಾಗಬೇಕು. ಸಂಕೇತ ಕೋಶದ ನ್ಯೂಕ್ಲಿಯಸ್ಸಿಗೆ ಹೋಗಿ, ಕ್ರೆಬ್ ಎಂಬ ಪ್ರೋಟೀನು ಜೀನುಗಳನ್ನು ಚಾಲೂ ಮಾಡಿ, ಅಲ್ಲಿಂದ ಸರಕು ಬರಬೇಕು. ಅಪ್ಲೀಸಿಯಾದ ನರಕೋಶಗಳಿಗೆ ಸೆರೊಟೋನಿನ್ ಒಮ್ಮೆ ತಾಗಿಸಿದರೆ ಬಲ ಕೆಲವು ನಿಮಿಷ ನಿಲ್ಲುತ್ತದೆ. ಬಿಡುವು ಕೊಟ್ಟು ಐದು ಸಲ ತಾಗಿಸಿದರೆ ಒಂದು ದಿನಕ್ಕೂ ಮೀರಿ. ದೀರ್ಘ ತರಬೇತಿ ಪಡೆದ ಹುಳುವಿನಲ್ಲಿ ಸಂಧಿಗಳ ಸಂಖ್ಯೆಯೇ ಸುಮಾರು ಎರಡು ಪಟ್ಟಾಗಿತ್ತು. ಕ್ಯಾಂಡೆಲ್‌ಗೆ 2000ದಲ್ಲಿ ನೊಬೆಲ್ ಬಂದದ್ದು ಈ ಕೆಲಸಕ್ಕೆ.

ಆದರೆ ಒಂದು ನರಕೋಶಕ್ಕೆ ಸಾವಿರಾರು ಸಂಧಿಗಳು. ನ್ಯೂಕ್ಲಿಯಸ್ಸಿನಿಂದ ಹೊರಟ ಪ್ರೋಟೀನಿಗೆ ಯಾವ ಸಂಧಿಗೆ ಹೋಗಬೇಕೆಂದು ಹೇಳುವವರು ಯಾರು? 1997ರಲ್ಲಿ ಉವೆ ಫ್ರೇ ಮತ್ತು ರಿಚರ್ಡ್ ಮಾರಿಸ್ ಇದಕ್ಕೆ ಉತ್ತರ ಕೊಟ್ಟರು. ಪ್ರಚೋದನೆ ಸಿಕ್ಕ ಸಂಧಿ ತನ್ನ ಮೇಲೆ ತಾನೇ ಕೆಲವು ಗಂಟೆಗಳ ಮಟ್ಟಿಗೆ ಒಂದು ಗುರುತು ಹಾಕಿಕೊಳ್ಳುತ್ತದೆ. ಪ್ರೋಟೀನು ಎಲ್ಲೆಡೆ ಹೋದರೂ ಗುರುತು ಇದ್ದಲ್ಲಿ ಮಾತ್ರ ಹಿಡಿಯಲ್ಪಡುತ್ತದೆ. ತಾನಾಗಿ ಪ್ರೋಟೀನು ತರಿಸಲಾರದಷ್ಟು ದುರ್ಬಲ ಪ್ರಚೋದನೆ ಪಡೆದ ಸಂಧಿಯೂ, ಅದೇ ಕೋಶದ ಇನ್ನೊಂದು ಸಂಧಿ ಆಸುಪಾಸಿನಲ್ಲಿ ಜೋರಾಗಿ ಕೆರಳಿದ್ದರೆ, ಅದಕ್ಕೆಂದು ಬಂದ ಸರಕಿನಲ್ಲಿ ಪಾಲು ಪಡೆದು ಬಹಳ ಹೊತ್ತು ಬಲವಾಗಿ ಉಳಿಯುತ್ತದೆ.

ಇದನ್ನು ಬದುಕಿನಲ್ಲಿ ಎಲ್ಲಿ ಕಾಣಬಹುದು? ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ನಿಮ್ಮ ವಿದ್ಯಾರ್ಥಿಗಳಲ್ಲಿ ಬಹುಪಾಲು ಹೋಗಿರುತ್ತಾರೆ. ಚಿಕ್ಕವನಿದ್ದಾಗ ಅಲ್ಲಿ ಅವ್ವನ ಕೈ ತಪ್ಪಿ ಕಳೆದುಹೋದವನನ್ನು ಕೇಳಿ ನೋಡಿ. ಆ ಹೊತ್ತು ತಾನು ಯಾವ ನಾಟಕ ಕಂಪನಿಯ ತಂಬುವಿನ ಮುಂದೆ ನಿಂತಿದ್ದೆ, ಬೋರ್ಡಿನಲ್ಲಿ ಯಾವ ನಾಟಕದ ಹೆಸರಿತ್ತು, ಪಕ್ಕದಲ್ಲಿ ಮಿರ್ಚಿ ಕರಿಯುವವನ ತಲೆಗೆ ಯಾವ ಬಣ್ಣದ ಟವೆಲ್ ಇತ್ತು ಎಂದೆಲ್ಲ ಹೇಳುತ್ತಾನೆ. ಉಳಿದ ಜಾತ್ರೆಗಳಲ್ಲಿ ಅವನು ನೋಡಿದ ತಂಬುಗಳಿಗೆ ಲೆಕ್ಕವಿಲ್ಲ, ಒಂದೂ ನೆನಪಿಲ್ಲ. ಹೆದರಿಕೆಯ ಹೊತ್ತಿನಲ್ಲಿ ನಾರ್‌ಅಡ್ರಿನಲಿನ್, ಹೊಸತು ಕಂಡಾಗ ಡೋಪಮೈನ್ ಎಂಬ ರಾಸಾಯನಿಕಗಳು ಹಿಪ್ಪೋಕ್ಯಾಂಪಸ್ಸಿಗೆ ಸುರಿಯುತ್ತವೆ. ಗ್ಲುಟಮೇಟ್ ಮಾಡಿದ ಗುರುತನ್ನು ಕಾಯಂ ಮಾಡುವ ಪ್ರೋಟೀನು ತಯಾರಿಕೆಗೆ ಇವು ಒತ್ತಾಸೆ. ಬೋರ್ಡಿನ ಹೆಸರಿಗೆ ತನ್ನದೇ ಮಹತ್ವ ಏನೂ ಇರಲಿಲ್ಲ. ಹೆದರಿಕೆಯ ಲೆಕ್ಕದಲ್ಲಿ ಅದೂ ಸೇರಿಕೊಂಡಿತು. ಮೇಷ್ಟ್ರಾದ ನಿಮಗೆ ಉಪಯೋಗಕ್ಕೆ ಬರುವಂಥದ್ದೂ ಒಂದಿದೆ. ಅರ್ಜೆಂಟೀನಾದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಒಂದು ಕಥೆ ಓದಿ ಹೇಳಿದರು. ಅದಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ, ಕಥೆಗೆ ಸಂಬಂಧವೇ ಇಲ್ಲದ, ಆದರೆ ಮಕ್ಕಳಿಗೆ ತೀರ ಹೊಸದಾದ ಪಾಠವೊಂದು ನಡೆದಿದ್ದರೆ ಮರುದಿನ ಕಥೆ ಹೆಚ್ಚು ನೆನಪಿತ್ತು. ನಾಲ್ಕು ಗಂಟೆ ಅಂತರವಾದರೆ ಲಾಭವಿಲ್ಲ.

ಹಾಗೆಂದು ಹೆದರಿಸಿ ಪಾಠ ಮಾಡಿದರೆ ಚೆನ್ನ ಎಂದುಕೊಳ್ಳುವವರು ನಮ್ಮಲ್ಲಿ ಕಮ್ಮಿಯಿಲ್ಲ. ಅವರಿಗೆ ಬೆಂಗಳೂರಿನಲ್ಲೇ ನಡೆದ ಕೆಲಸವನ್ನು ತೋರಿಸಬೇಕು. ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಇಲಿಗಳನ್ನು ದಿನಕ್ಕೆ ಎರಡು ಗಂಟೆ, ಹತ್ತು ದಿನ ಅಲುಗಾಡದಂತೆ ಬಂಧಿಸಿಟ್ಟಾಗ ಹಿಪ್ಪೋಕ್ಯಾಂಪಸ್ಸಿನ ನರಕೋಶಗಳ ಕೊಂಬೆಗಳು ಕುಗ್ಗಿದವು, ಭಯದ ಕೇಂದ್ರವಾದ ಅಮಿಗ್ಡಲದ ಕೊಂಬೆಗಳು ಹರಡಿಕೊಂಡವು. ಒಂದು ಗಳಿಗೆಯ ಗಾಬರಿ ನೆನಪನ್ನು ಕೊರೆಯುತ್ತದೆ. ದಿನವೂ ಇರುವ ಭಯ ಪಾಠದ ಜಾಗವನ್ನೇ ಕಿತ್ತುಕೊಂಡು ಭಯಕ್ಕೆ ಕೊಡುತ್ತದೆ.

ಗೋಬಿ ಮಂಚೂರಿಯ ಹುಡುಗನಿಗೆ ಉತ್ತರ: ಇಲ್ಲ. ಅಜಿನೊಮೊಟೊದಲ್ಲಿರುವುದು ಅದೇ ಗ್ಲುಟಮೇಟ್ ಎಂಬುದೇನೋ ಸರಿ. 1908ರಲ್ಲಿ ಜಪಾನಿನ ಇಕೆಡಾ ಕಡಲಕಳೆಯಿಂದ ಅದನ್ನು ಬೇರ್ಪಡಿಸಿದರು. ಟೊಮ್ಯಾಟೊದಲ್ಲೂ ಅದು ಇದೆ. ಆದರೆ ತಿಂದ ಗ್ಲುಟಮೇಟಿನ ಬಹುಪಾಲನ್ನು ಕರುಳಿನ ಕೋಶಗಳೇ ಉರುವಲಾಗಿ ಸುಟ್ಟುಕೊಳ್ಳುತ್ತವೆ. ರಕ್ತಕ್ಕೆ ಸೇರಿದ ಸ್ವಲ್ಪವನ್ನೂ ಮೆದುಳಿನ ರಕ್ತನಾಳಗಳ ಬಿಗಿ ಗೋಡೆ ಒಳಬಿಡುವುದಿಲ್ಲ. ಬೇಕಾದ ಗ್ಲುಟಮೇಟನ್ನು ಮೆದುಳು ತಾನೇ ತಯಾರಿಸಿಕೊಳ್ಳುತ್ತದೆ. ಬಳಸಿದ್ದನ್ನು ಪಕ್ಕದ ಆಸ್ಟ್ರೊಸೈಟ್ ಕೋಶಗಳು ಹೀರಿಕೊಂಡು ಗ್ಲುಟಮಿನ್ ಮಾಡಿ ಮರಳಿಸುತ್ತವೆ. ಗೋಡೆ ಇರುವುದು ನಮ್ಮ ಪುಣ್ಯ. ಪಾರ್ಶ್ವವಾಯು ಹೊಡೆದು ರಕ್ತ ನಿಂತ ಭಾಗದಲ್ಲಿ ಗ್ಲುಟಮೇಟ್ ಹೊರಚೆಲ್ಲಿ, ಎನ್‌ಎಂಡಿಎ ಬಾಯ್ದೆರೆದು, ಒಳನುಗ್ಗಿದ ಅತಿಯಾದ ಕ್ಯಾಲ್ಸಿಯಂನಿಂದಲೇ ಅನೇಕ ನರಕೋಶಗಳು ಸಾಯುತ್ತವೆ. ಡೋಪಮೈನೂ ಈ ಗೋಡೆ ದಾಟುವುದಿಲ್ಲ. ಪಾರ್ಕಿನ್ಸನ್ ರೋಗಿಗಳಿಗೆ ಅದರ ಬದಲು ದಾಟಬಲ್ಲ ಎಲ್-ಡೋಪಾ ಕೊಡುವುದು ಅದಕ್ಕೇ. ಹೊಲದ ಬೇಲಿಯಲ್ಲಿ ಬೆಳೆದು ಮೈಯೆಲ್ಲ ತುರಿಕೆ ಹತ್ತಿಸುವ ನಸುಗುನ್ನಿಯ ಬೀಜದಲ್ಲಿ ಎಲ್-ಡೋಪಾ ಇದೆ. ಇದನ್ನು ಹೇಳುವಾಗ ಯಾರೂ ತಿಂದು ನೋಡಬಾರದೆಂದು ಸೇರಿಸುವುದನ್ನು ಮರೆಯಬೇಡಿ.

ಬಲ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಭಾವನೆಯನ್ನೂ ಸ್ವಲ್ಪ ತಿದ್ದಬೇಕು. ನಿಮ್ಮ ಕಡೆ ಕಬ್ಬು ಕಡಿಯುವಾಗ ಕೈಗೆ ಕೊಯಿತ ಬಿದ್ದವರನ್ನು ಕೇಳಿ. ಗಾಯ ಮಾದರೂ ಸುತ್ತಲಿನ ಜಾಗಕ್ಕೆ ಅಂಗಿಯ ತೋಳು ತಾಗಿದರೂ ನೋವೆನ್ನುವವರು ಸಿಗುತ್ತಾರೆ. ಬೆನ್ನುಹುರಿಯ ನೋವಿನ ಸಂಧಿಗಳಲ್ಲೂ ಎನ್‌ಎಂಡಿಎ ಇದೆ. ಅಲ್ಲಿಯೂ ಇದೇ ಬಗೆಯ ಬಲವರ್ಧನೆ ನಡೆದಾಗ ನರಗಳು ನೋವನ್ನು ಕಲಿತುಬಿಡುತ್ತವೆ. ಆ ಗ್ರಾಹಿಯನ್ನು ತಡೆಯುವ ಕೆಟಮಿನ್ ಅನ್ನು ಕೆಲವು ಹಟಮಾರಿ ನೋವುಗಳಿಗೆ ವೈದ್ಯರು ಬಳಸುವುದು ಇದೇ ತರ್ಕದ ಮೇಲೆ.

ಕೊನೆಗೆ ಇಪ್ಪತ್ತು ಸಲ ಉರು ಹೊಡೆಯುವವರು. ಮೊಲ, ಇಲಿ, ಬಸವನಹುಳುವಿನ ಲೆಕ್ಕವನ್ನು ಹಾಗೆಹಾಗೇ ಮಕ್ಕಳಿಗೆ ಅನ್ವಯಿಸಲಾಗದು, ಒಪ್ಪಿದೆ. ಆದರೆ ಈ ಒಂದು ವಿಷಯದಲ್ಲಿ ಕೋಶ ಮತ್ತು ಮನುಷ್ಯ ಒಂದೇ ಮಾತು ಹೇಳುತ್ತಾರೆ. ಅಂತರ ಬಿಟ್ಟು ಮಾಡಿದ ಅಭ್ಯಾಸ ಒಂದೇ ಉಸಿರಿನಲ್ಲಿ ಮಾಡಿದ್ದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿದ್ದರು. ಪ್ರೋಟೀನು ತಯಾರಾಗಿ ಸಂಧಿ ಸೇರಲು ಗಂಟೆಗಳು ಬೇಕು. ಅಷ್ಟರೊಳಗೆ ಹತ್ತೊಂಬತ್ತು ಸಲ ಮತ್ತೆ ಓದಿದರೂ ಹೆಚ್ಚಿಗೆ ಸಿಗುವುದು ಬಹಳ ಕಡಿಮೆ. ನಿದ್ದೆಗೆಟ್ಟು ಓದಿದರೆ ಇನ್ನೊಂದು ನಷ್ಟ: ಹಗಲಿನಲ್ಲಿ ಒಟ್ಟಿಗೆ ಮಿಡಿದ ಹಿಪ್ಪೋಕ್ಯಾಂಪಸ್ ಕೋಶಗಳು ನಿದ್ದೆಯಲ್ಲಿ ಮತ್ತೆ ಒಟ್ಟಿಗೆ ಮಿಡಿಯುತ್ತವೆ ಎಂದು 1994ರಲ್ಲಿ ಇಲಿಗಳಲ್ಲಿ ಕಂಡುಬಂದಿದೆ, ಆ ಪುನರಾವರ್ತನೆಯೇ ಕೈಬಿಟ್ಟುಹೋಗುತ್ತದೆ.

ಆದ್ದರಿಂದ ಇಪ್ಪತ್ತು ಸಲದ ಬದಲು ನಾಲ್ಕೈದು ಸಲ ಸಾಕು, ಆದರೆ ಬೇರೆಬೇರೆ ದಿನ: ಇವತ್ತು ಒಮ್ಮೆ, ನಾಳೆ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಕಳೆದು ಮತ್ತೊಮ್ಮೆ. ಎರಡನೇ ಸಲದಿಂದ ಪುಸ್ತಕ ತೆರೆಯುವ ಮೊದಲು ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಲಿ, ಆಮೇಲೆ ತೆರೆದು ಬಿಟ್ಟದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಲಿ. ಪರೀಕ್ಷೆಗೆ ಮೂರು ತಿಂಗಳಿದ್ದರೆ ಅಂತರಗಳನ್ನು ಇನ್ನೂ ಹಿಗ್ಗಿಸಬಹುದು. ಒಂದೇ ವಾರ ಉಳಿದಿದ್ದರೆ ದಿನ ಬಿಟ್ಟು ದಿನ.